ರುನ್‌ಯು ನೋಡಬೇಕಾ, ದೋಂಗ್‌ಹುವಾ ನೋಡಬೇಕಾ?

ನಾಯಕ-ನಾಯಕಿಗಿಂತ ಪಕ್ಕದ ಪಾತ್ರಗಳೇ ಮನಸ್ಸಿಗೆ ಹತ್ತಿರವಾಗುವ ಚೀನೀ ಫ್ಯಾಂಟಸಿ ಪ್ರೇಮಕಥೆ ಬೇಕೆಂದರೆ ನನ್ನ ಮುಂದೆ ಎರಡು ಧಾರಾವಾಹಿಗಳಿವೆ.

2017ರ 'ಎಟರ್ನಲ್ ಲವ್' 58 ಕಂತು. ನಾಯಕಿ ಯಾಂಗ್ ಮಿ, ನಾಯಕ ಮಾರ್ಕ್ ಚಾವೊ ಚೆನ್ನಾಗಿಯೇ ಮಾಡಿದ್ದಾರೆ. ಆದರೆ ನಾನು ಕಾಯುತ್ತಿದ್ದದ್ದು ನರಿಕುಲದ ಹುಡುಗಿ ಫೆಂಗ್‌ಜಿಯು ಮತ್ತು ದೇವಲೋಕದ ದೋಂಗ್‌ಹುವಾ ಬರುವ ದೃಶ್ಯಗಳಿಗೆ. ಮದುವೆಯ ಋಣ ಬರೆಯುವ ಕಲ್ಲಿನಿಂದ ತನ್ನ ಹೆಸರನ್ನು ತಾನೇ ಅಳಿಸಿಕೊಂಡವನು ದೋಂಗ್‌ಹುವಾ. ಅವನ ಹಿಂದೆ ಬಿದ್ದವಳು ಫೆಂಗ್‌ಜಿಯು. ಇವರ ಕಥೆ ಅರ್ಧಕ್ಕೇ ನಿಂತಂತೆ ಅನಿಸಿದರೆ ಬೇಸರ ಬೇಡ. 2020ರಲ್ಲಿ ಇವರನ್ನೇ ನಾಯಕರನ್ನಾಗಿಸಿ 'ಎಟರ್ನಲ್ ಲವ್ ಆಫ್ ಡ್ರೀಮ್' ಬಂತು.

2018ರ 'ಆ್ಯಶಸ್ ಆಫ್ ಲವ್' ಬೇರೆ ಥರ. ಇಲ್ಲಿ ನಟ ಲುವೊ ಯುನ್‌ಶಿ ಮಾಡಿರುವ ರುನ್‌ಯು ಪಾತ್ರ ಎದೆಗೆ ನಾಟುತ್ತದೆ. ರಾತ್ರಿ ನಕ್ಷತ್ರ ಜೋಡಿಸುವ ಒಂಟಿ ದೇವ. ಜೊತೆಗೆ ಕನಸು ತಿನ್ನುವ ಜಿಂಕೆಯಂಥ ಒಂದು ಪ್ರಾಣಿ, ಅಷ್ಟೇ. ಅವನ ಬಾಲ್ಯದ ದೃಶ್ಯ ಬರುತ್ತದೆ. ಗುರುತು ಸಿಗಬಾರದೆಂದು ಹೆತ್ತ ತಾಯಿಯೇ ಮಗುವಿನ ಮೈಮೇಲಿನ ಡ್ರ್ಯಾಗನ್ ಹುರುಪೆ ಕೀಳುತ್ತಾಳೆ. ಅದನ್ನು ನೋಡಿದ ಮೇಲೆ ಅವನು ಎಷ್ಟೇ ಕೆಟ್ಟವನಾದರೂ ಬೈಯಲು ಬಾಯಿ ಬರುವುದಿಲ್ಲ, ಅಲ್ವಾ?

ಹಗುರವಾದ ಪ್ರೀತಿ ಬೇಕಿದ್ದರೆ ಫೆಂಗ್‌ಜಿಯು ಜೋಡಿ. ಅಳಲು ಸಿದ್ಧವಿದ್ದರೆ ರುನ್‌ಯು. ನಾನಂತೂ ಮೊದಲು ರುನ್‌ಯುವನ್ನೇ ನೋಡಿ ಎನ್ನುತ್ತೇನೆ, 63 ಕಂತಾದರೂ ಸರಿ.