ಜುಲೈ ಮಳೆಯಲ್ಲಿ ಮಂಜರಾಬಾದ್ ಕೋಟೆಯಾ, ಹಳೇಬೀಡಾ?

ಹಾಸನಕ್ಕೆ ಬಂದು ಒಂದೇ ದಿನ ಇದ್ದರೆ ನನ್ನ ಓಟು ಹಳೇಬೀಡಿಗೆ. ಮಂಜರಾಬಾದ್ ಇರುವ ಸಕಲೇಶಪುರದ ಕಡೆ ಹಿಡಿದರೆ ಬಿಡದ ಮಳೆ, ಹಳೇಬೀಡಿನಲ್ಲಿ ಅಷ್ಟಿಲ್ಲ, ಜೋರಾದರೂ ಹೊಯ್ಸಳೇಶ್ವರ ದೇವಸ್ಥಾನದ ಒಳಗೆ ನಿಂತುಕೊಳ್ಳಬಹುದು, ಪಕ್ಕದಲ್ಲೇ ಮ್ಯೂಸಿಯಂ ಇದೆ (ಶುಕ್ರವಾರ ರಜೆ).

ಆದರೆ ಮಳೆ ನಿಂತ ಕೂಡಲೇ ಗರುಡಗಂಬ ನೋಡಿ. ಹೊಯ್ಸಳ ರಾಜ ಎರಡನೇ ವೀರಬಲ್ಲಾಳನಿಗಾಗಿ ಪ್ರಾಣ ಕೊಟ್ಟ ಕುವರ ಲಕ್ಷ್ಮ ಮತ್ತು ಅವನ ಬಂಟರ ನೆನಪಿನ ಕಂಬ ಅದು. ಕತ್ತಿ ಹಿಡಿದು ತಮ್ಮ ತಲೆಯನ್ನೇ ಕೊಯ್ದುಕೊಳ್ಳುವ ಪುಟ್ಟ ಪುಟ್ಟ ಆಳುಗಳು! ಒದ್ದೆ ಕಲ್ಲು ಕಪ್ಪಗಾದಾಗ ಕೆತ್ತನೆ ಇನ್ನೂ ಚೆನ್ನಾಗಿ ಎದ್ದು ಕಾಣುತ್ತದೆ. ಚಪ್ಪಲಿ ಬಿಡಬೇಕು, ಬ್ಯಾಗಲ್ಲಿ ಒಣ ಸಾಕ್ಸ್ ಇರಲಿ.

ಮಂಜರಾಬಾದ್ ಬೇರೆ ಥರ. ಟಿಪ್ಪು 1792ರಲ್ಲಿ ಕಟ್ಟಿಸಿದ್ದು, ಎಂಟು ಮೂಲೆಯ ನಕ್ಷತ್ರದಂಥ ಕೋಟೆ. ಇನ್ನೂರಕ್ಕೂ ಜಾಸ್ತಿ ಮೆಟ್ಟಿಲು, ಪಾಚಿ ಕಟ್ಟಿ ಜಾರುತ್ತವೆ, ಕಳೆದ ಸಲ ನಾನು ಕೊಡೆ ಸಮೇತ ಕುಂಡೆ ಊರಿದ್ದೆ. ಮೇಲೆ ಹೋದರೆ ಮಂಜು, ನಕ್ಷತ್ರ ಹೋಗಲಿ, ಎದುರಿನ ಗೋಡೆಯೂ ಕಾಣಲಿಲ್ಲ. ಸಿಡಿಮದ್ದು ಇಡುತ್ತಿದ್ದ ಮದ್ದಿನ ಮನೆಯ ಒಳಗೆ ಮಾತ್ರ ಬೆಚ್ಚಗೆ ನಿಲ್ಲಬಹುದು. ಮಂಜೇ ಬೇಕು ಅನ್ನೋರು ಹೋಗಿ. ವಯಸ್ಸಾದವರು ಜೊತೆಗಿದ್ದರೆ ಸುಮ್ನೆ ನವೆಂಬರ್‌ಗೆ ಇಟ್ಟುಕೊಳ್ಳಿ.