ಬಚ್ಚಲಿನ ಸ್ಟೀಲ್ ಹಿಡಿ: ಹಿಡಿಗೆ ನಾಲ್ಕು ಸ್ಟಾರ್, ಪ್ಯಾಕೆಟ್‌ನ ಸ್ಕ್ರೂಗೆ ಸೊನ್ನೆ

ನೇರ ವಿಷಯಕ್ಕೆ ಬರುತ್ತೇನೆ. ವಯಸ್ಸಾದವರು ಇರುವ ಮನೆಗೆ ದುಡ್ಡು ಹಾಕುವುದಾದರೆ ಮೊದಲು ಬಚ್ಚಲಿನ ಗೋಡೆಗೆ ಒಂದು ಸ್ಟೀಲ್ ಹಿಡಿ ಹಾಕಿಸಿ. ಮ್ಯಾಟು, ಲೈಟು, ಬೆಲ್ಟು ಎಲ್ಲ ಆಮೇಲೆ. ಗ್ರಾಬ್ ಬಾರ್ ಅಂತ ಕೇಳಿದರೆ ಸ್ಯಾನಿಟರಿ ಅಂಗಡಿಯವರು ಕೊಡುತ್ತಾರೆ. ಆದರೆ ಕೊಟ್ಟದ್ದನ್ನು ಕೊಟ್ಟ ಹಾಗೇ ಗೋಡೆಗೆ ಹೊಡೆಸಬೇಡಿ.

ನಾನು ಕೆಇಬಿ ಕಾಲದ ಲೈನ್‌ಮನ್. ಈಗ ರಿಟೈರ್ ಆಗಿ ತೀರ್ಥಹಳ್ಳಿ ಹತ್ತಿರದ ಹಳೇ ಮನೆಯಲ್ಲಿದ್ದೇನೆ. ಅಮ್ಮನಿಗೆ 83 ವರ್ಷ. ಹೋದ ಮಳೆಗಾಲ ಬಚ್ಚಲಲ್ಲಿ ಜಾರಿ, ಕೈ ಊರಿ, ಬಲಗೈ ಮಣಿಕಟ್ಟು ಮುರಿದುಕೊಂಡಳು. ಬೀಳುವಾಗ ಹಿಡಿದದ್ದು ಟವೆಲ್ ರಾಡನ್ನು. ಅದೂ ಅವಳ ಜೊತೆಗೇ ಕಿತ್ತು ಬಂತು. ಟವೆಲ್ ರಾಡ್ ಇರುವುದು ಟವೆಲಿಗೆ, ಮನುಷ್ಯರಿಗಲ್ಲ. ಆದರೆ ಜಾರುವ ಹೊತ್ತಲ್ಲಿ ಕೈ ಅದನ್ನೇ ಹುಡುಕುತ್ತದೆ, ಅಲ್ವಾ?

ನಿಂತ ಎತ್ತರದಿಂದ ಬಿದ್ದದ್ದಕ್ಕೇ ಮೂಳೆ ಮುರಿದರೆ ಅದು ಒಳಗೆ ಟೊಳ್ಳಾಗಿದೆಯಾ ಅಂತ ನೋಡಲೇಬೇಕು ಎಂದರು ಡಾಕ್ಟರ್. ಶಿವಮೊಗ್ಗದಲ್ಲಿ ಡೆಕ್ಸಾ ಸ್ಕ್ಯಾನ್ ಮಾಡಿಸಿದೆವು, ಮೂಳೆ ಎಷ್ಟು ಗಟ್ಟಿ ಇದೆ ಅಂತ ಅಳೆಯುವಂಥದ್ದು. ಅದರಲ್ಲಿ ಬರುವ ಅಂಕ, ಅಂದರೆ ಟಿ-ಸ್ಕೋರ್, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಬಂದರೆ ಆಸ್ಟಿಯೋಪೊರೋಸಿಸ್, ಮೂಳೆ ಟೊಳ್ಳಾಗುವ ಕಾಯಿಲೆ. ಅಮ್ಮನದು ಮೈನಸ್ 3.1. ಇನ್ನೊಂದು ಸಲ ಬಿದ್ದು ಸೊಂಟದ ಮೂಳೆ ಹೋದರೆ ಮತ್ತೆ ಎದ್ದು ಓಡಾಡುವುದು ಕಷ್ಟ ಎಂದು ಅವರು ಮುಚ್ಚುಮರೆ ಇಲ್ಲದೆ ಹೇಳಿದರು. ಮಾತ್ರೆ ಅವರ ಕೆಲಸ, ಬೀಳದ ಹಾಗೆ ನೋಡಿಕೊಳ್ಳುವುದು ನನ್ನ ಕೆಲಸ ಅಂತ ಆಯಿತು.

ಮೊದಲು ಬಂದದ್ದು ಅಂಟಿಸುವ ಹಿಡಿ. ಬೆಂಗಳೂರಲ್ಲಿರುವ ತಮ್ಮ ಆನ್‌ಲೈನಲ್ಲಿ ಕಳಿಸಿದ. ಎರಡು ಕಡೆ ರಬ್ಬರ್ ಬಟ್ಟಲು, ಕ್ಲಿಪ್ ಒತ್ತಿದರೆ ಗೋಡೆಗೆ ಕಚ್ಚಿಕೊಳ್ಳುತ್ತದೆ, ಡ್ರಿಲ್ ಬೇಡ. ಹಾಕಿದ ದಿನ ಚೆನ್ನಾಗೇ ಇತ್ತು. ಮಾರನೇ ದಿನ ಬೆಳಿಗ್ಗೆ ನಾನೇ ಒಂದು ಸಲ ಪಕ್ಕಕ್ಕೆ ಎಳೆದು ನೋಡಿದೆ. ಪಟ್ ಅಂತ ಕೈಗೆ ಬಂತು. ಟೈಲ್ಸ್ ನಡುವಿನ ಗೆರೆ ಮೇಲೆ ಬಟ್ಟಲಿನ ಅಂಚು ಬಿದ್ದರೆ ಒಳಗೆ ಗಾಳಿ ಹೋಗುತ್ತದೆ. ತರಿ ಇರುವ ಟೈಲ್ಸ್ ಆದರೂ ಅಷ್ಟೇ. ಅದು ಬಿಡುವ ಮುಂಚೆ ಸೂಚನೆಯನ್ನೂ ಕೊಡುವುದಿಲ್ಲ. ಏನೂ ಇಲ್ಲದ ಗೋಡೆಯಾದರೆ ಜನ ಹುಷಾರಾಗಿ ನಿಲ್ಲುತ್ತಾರೆ. ಇದು ಇದ್ದರೆ ನಂಬಿ ಭಾರ ಬಿಡುತ್ತಾರೆ. ಈಗ ಅದರಲ್ಲಿ ಕೊಟ್ಟಿಗೆಯ ಹಗ್ಗ ನೇತು ಹಾಕಿದ್ದೇವೆ.

ಆಮೇಲೆ ಶಿವಮೊಗ್ಗದ ಒಂದು ಅಂಗಡಿಯಲ್ಲಿ ಸ್ಟೀಲಿನದು ತಂದೆ. 18 ಇಂಚಿನದೊಂದು, 12 ಇಂಚಿನದೊಂದು. ಪೈಪಿನ ದಪ್ಪ 32 ಎಂಎಂ. ಅಮ್ಮನ ಕೈ ಸಣ್ಣದು, ಆದರೂ ಬೆರಳು ಪೂರ್ತಿ ಸುತ್ತಿ ಹಿಡಿಯಬಹುದು. ಇದಕ್ಕಿಂತ ದಪ್ಪದ್ದು ನೋಡಲು ಗಟ್ಟಿ ಕಾಣುತ್ತದೆ, ಹಿಡಿತ ಮಾತ್ರ ಸಿಗುವುದಿಲ್ಲ.

ಅಂಗಡಿಯವರು ಅಯಸ್ಕಾಂತ ಹಿಡಿದು ತೋರಿಸಿದರು. 'ನೋಡಿ ಸಾರ್, ಅಂಟಲ್ಲ, ಪಕ್ಕಾ 304.' 304 ಅಂದರೆ ಬೇಗ ತುಕ್ಕು ಹಿಡಿಯದ ಸ್ಟೀಲಿನ ಗ್ರೇಡ್. ಈ ಅಯಸ್ಕಾಂತದ ಆಟಕ್ಕೆ ಮರುಳಾಗಬೇಡಿ. 202 ಗ್ರೇಡಿನ ಸ್ಟೀಲಿಗೂ ಅಯಸ್ಕಾಂತ ಅಂಟುವುದಿಲ್ಲ. ಅದು ಅಗ್ಗ, ನಮ್ಮ ಮಲೆನಾಡಿನ ತೇವಕ್ಕೆ ಬೇಗ ಚುಕ್ಕೆ ಚುಕ್ಕೆ ತುಕ್ಕು ಏಳುತ್ತದೆ. ಪೈಪಿನ ಮೇಲೆ ಅಥವಾ ಡಬ್ಬದ ಮೇಲೆ ಗ್ರೇಡ್ ಬರೆದಿರಬೇಕು, ಬಿಲ್ಲಿನಲ್ಲೂ ಬರೆಸಿಕೊಳ್ಳಿ.

ನಾಲ್ಕು ಸ್ಟಾರ್ ಕೊಟ್ಟು ಒಂದು ಕಿತ್ತುಕೊಂಡದ್ದು ಪಾಲಿಶಿಗೆ. ಕನ್ನಡಿ ಹಾಗೆ ಹೊಳೆಯುತ್ತದೆ. ಶನಿವಾರ ಅಮ್ಮನದು ಎಣ್ಣೆ ಸ್ನಾನ. ಎಣ್ಣೆ ಕೈಗೆ ಈ ಹೊಳಪು ನಿಲ್ಲುವುದೇ ಇಲ್ಲ, ಸರಕ್ಕನೆ ಜಾರುತ್ತದೆ. ಸದ್ಯಕ್ಕೆ ಅದರ ಮೇಲೆ ಹತ್ತಿಯ ಬಟ್ಟೆ ಪಟ್ಟಿಯನ್ನು ಬಿಗಿಯಾಗಿ ಸುತ್ತಿ ಹೊಲಿದಿದ್ದಾಳೆ ನನ್ನ ಹೆಂಡತಿ. ವಾರಕ್ಕೊಮ್ಮೆ ಬದಲಾಯಿಸಬೇಕು, ಇಲ್ಲದಿದ್ದರೆ ಬೂಷ್ಟು. ನೀವು ಕೊಳ್ಳುವುದಾದರೆ ಮೈಮೇಲೆ ಗೀರು ಗೀರು ಇರುವಂಥದ್ದು ಅಥವಾ ಮ್ಯಾಟ್ ಫಿನಿಶ್ ಕೇಳಿ.

ಇನ್ನು ಆ ಸ್ಕ್ರೂ. ಡಬ್ಬ ಬಿಚ್ಚಿದಾಗ ಸಿಕ್ಕಿದ್ದು ಒಂದೂವರೆ ಇಂಚಿನ ಮಾಮೂಲಿ ಕಬ್ಬಿಣದ ಸ್ಕ್ರೂ, ಜೊತೆಗೆ ಮೆತ್ತಗಿನ ಪ್ಲಾಸ್ಟಿಕ್ ಪ್ಲಗ್. ಟೈಲ್ಸ್, ಅದರ ಹಿಂದಿನ ಗಾರೆ ಎರಡನ್ನೂ ದಾಟುವುದರೊಳಗೆ ಆ ಸ್ಕ್ರೂವಿನ ಅರ್ಧಕ್ಕಿಂತ ಜಾಸ್ತಿ ಮುಗಿದಿರುತ್ತದೆ. ಗೋಡೆಯೊಳಗೆ ಹೋಗುವುದು ಉಗುರಿನಷ್ಟು. ಕ್ಯಾಲೆಂಡರ್ ನೇತು ಹಾಕಲು ಸಾಕು. ಹಿಡಿಗೆ ಇಷ್ಟು ಒಳ್ಳೆ ಸ್ಟೀಲ್ ಹಾಕಿ ಸ್ಕ್ರೂನಲ್ಲಿ ಯಾಕೆ ಜಿಪುಣತನ ಮಾಡುತ್ತಾರೋ ಗೊತ್ತಿಲ್ಲ. ಎಲ್ಲ ಎಸೆದು ಬೇರೆ ತಂದೆ.

ಸ್ನಾನದ ಕಡೆಯದು ಇಟ್ಟಿಗೆ ಗೋಡೆ. ಅಲ್ಲಿಗೆ ಸ್ಟೀಲ್ ಆಂಕರ್ ಫಾಸ್ಟನರ್, ಅಂದರೆ ಬಿಗಿ ಮಾಡಿದ ಹಾಗೆ ತೂತಿನೊಳಗೆ ಅಗಲವಾಗಿ ಕಚ್ಚಿಕೊಳ್ಳುವ ಬೋಲ್ಟು, ಸಾಕಾಯಿತು. ಟೈಲ್ಸ್ ಮೇಲೆ ಟೇಪ್ ಅಂಟಿಸಿ, ಡ್ರಿಲ್‌ನ ಹ್ಯಾಮರ್, ಅಂದರೆ ಕುಟ್ಟುವ ಏರ್ಪಾಡು, ಬಂದ್ ಮಾಡಿ ನಿಧಾನಕ್ಕೆ ತೂತು ಶುರು ಮಾಡಿ. ಟೈಲ್ಸ್ ದಾಟಿದ ಮೇಲೆ ಹ್ಯಾಮರ್ ಹಾಕಿ. ಮೊದಲೇ ಹಾಕಿದರೆ ಟೈಲ್ಸ್ ಸೀಳುತ್ತದೆ. ಟಾಯ್ಲೆಟ್ ಕಡೆಯದು ಜಂಬಿಟ್ಟಿಗೆ, ಅಂದರೆ ಕೆಂಪು ಮುರಕಲ್ಲಿನ, ಗೋಡೆ. ಹಳೇ ಜಂಬಿಟ್ಟಿಗೆಗೆ ಫಾಸ್ಟನರ್ ಬಿಗಿ ಮಾಡಿದಷ್ಟೂ ಕಲ್ಲು ಪುಡಿಪುಡಿಯಾಗಿ ಉದುರುತ್ತದೆ, ನಟ್ಟು ಸುಮ್ನೆ ತಿರುಗುತ್ತಾ ಇರುತ್ತದೆ. ಹಾಗಾಗಿ ಗೋಡೆಯ ಆಚೆಗೂ ತೂತು ಮಾಡಿ, ಥ್ರೆಡ್ ರಾಡ್ ತೂರಿಸಿ, ಹೊರಗಡೆ ಕಬ್ಬಿಣದ ಪಟ್ಟಿ ಇಟ್ಟು ನಟ್ ಬಿಗಿದೆ. ಹೊರಗಿಂದ ನೋಡಲು ಚಂದ ಇಲ್ಲ. ಇರಲಿ.

ಎತ್ತರದ ಬಗ್ಗೆ ಒಂದು ಮಾತು. ಸಾಮಾನ್ಯವಾಗಿ ನೆಲದಿಂದ 33ರಿಂದ 36 ಇಂಚು ಎನ್ನುತ್ತಾರೆ. ಅಮ್ಮ ಗಿಡ್ಡ, ನಮಗೆ 33 ಸರಿಹೋಯಿತು. ಗಾರೆಯವನು ತನ್ನ ಎತ್ತರಕ್ಕೆ ಗುರುತು ಹಾಕಲು ಹೊರಟಿದ್ದ. ಹಿಡಿಯುವವರನ್ನೇ ಕರೆದು, ಅಲ್ಲೇ ನಿಲ್ಲಿಸಿ, ಕೈ ತಾನಾಗಿ ಎಲ್ಲಿಗೆ ಹೋಗುತ್ತದೆ ನೋಡಿ ಅಲ್ಲಿ ಪೆನ್ಸಿಲ್ ಗೆರೆ ಎಳೆಯಿರಿ. ಕಂಬ ಹತ್ತುವ ಮುಂಚೆ ಬೆಲ್ಟನ್ನು ಜಗ್ಗಿ ನೋಡುವುದು ನಮ್ಮ ಇಲಾಖೆಯವರ ಅಭ್ಯಾಸ. ಇಲ್ಲೂ ಹಾಗೇ ಮಾಡಿದೆ. 74 ಕೆಜಿ ಇದ್ದೇನೆ, ಪೂರ್ತಿ ಜೋತುಬಿದ್ದೆ. ಅಲುಗಲಿಲ್ಲ. ಅಮ್ಮ ಬಾಗಿಲಲ್ಲಿ ನಿಂತು 'ಬಿದ್ಗಿದ್ದೀಯ ಮಗಾ, ನಿನಗೂ ವಯಸ್ಸಾಯ್ತು' ಅಂದಳು.

ಜೊತೆಗೆ ತಂದ ಸಾಮಾನುಗಳ ಬಗ್ಗೆ ಚುಟುಕಾಗಿ. ಕಾಲಿನ ಎತ್ತರ ಹೆಚ್ಚು ಕಡಿಮೆ ಮಾಡಬಹುದಾದ ಅಲ್ಯೂಮಿನಿಯಂ ಸ್ನಾನದ ಸ್ಟೂಲ್ ಬಹಳ ಒಳ್ಳೆಯದು. ಅಮ್ಮ ಮೊದಲು ಕೂರುತ್ತಿದ್ದದ್ದು ಗೇಣುದ್ದದ ಮರದ ಮಣೆ ಮೇಲೆ. ಕೂರುವುದು ಸುಲಭ, ಸೋಪಿನ ನೀರಲ್ಲಿ ಕಾಲೂರಿ ಏಳುವುದೇ ಕಷ್ಟ. 'ಕುರ್ಚಿ ಮೇಲೆ ಕೂತು ಯಾರಾದ್ರೂ ಮೀಯ್ತಾರಾ?' ಎಂದು ಗೊಣಗಿದಳು. ಈಗ ಮಣೆಯನ್ನು ಕೇಳುವುದೇ ಇಲ್ಲ. ರಬ್ಬರ್ ಮ್ಯಾಟ್ ಮಾತ್ರ ನನಗೆ ಸಮಾಧಾನ ಇಲ್ಲ. ನಯವಾದ ಟೈಲ್ಸ್ ಮೇಲೆ ಕಚ್ಚುತ್ತದೆ, ಆದರೆ ಅಡಿಯಲ್ಲಿ ಲೋಳೆ ಕಟ್ಟುತ್ತದೆ. ದಿನಾ ಎತ್ತಿ, ತೊಳೆದು, ಒಣಗಿಸದಿದ್ದರೆ ಮ್ಯಾಟೇ ಜಾರುತ್ತದೆ. ಆಷಾಢದ ಮಳೆಯಲ್ಲಿ ಏನನ್ನು ಎಲ್ಲಿ ಒಣಗಿಸುವುದು? ಚಾರ್ಜ್ ಆಗುವ ಸೆನ್ಸರ್ ಲೈಟ್ ಚೆನ್ನಾಗಿದೆ, ಮಂಚದಿಂದ ಕಾಲಿಟ್ಟರೆ ಹತ್ತಿಕೊಳ್ಳುತ್ತದೆ. ಪ್ಲಗ್ಗಿಗೆ ಹಾಕುವಂಥದ್ದು ನಮ್ಮ ಕಡೆ ಬೇಡ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬೀಳುವುದು ಯಾವಾಗಲೂ ರಾತ್ರಿಯೇ.

ಊರುಗೋಲಿಗೆ ಅಡಿಯ ರಬ್ಬರ್ ಬುಷ್ ಮುಖ್ಯ. ಸವೆದು ನುಣ್ಣಗಾದ ಬುಷ್ಷಿನಿಂದ ಪ್ರಯೋಜನ ಇಲ್ಲ, ಅದಷ್ಟೇ ಬೇರೆ ಸಿಗುತ್ತದೆ, ಹಾಕಿಸಿ. ಕೈ ಇಳಿಬಿಟ್ಟು ನಿಂತಾಗ ಕೋಲಿನ ಹಿಡಿ ಮಣಿಕಟ್ಟಿನ ಗೆರೆ ಹತ್ತಿರ ಬರಬೇಕು. ನೋವಿರುವುದು ಎಡಗಾಲಿಗಾದರೆ ಕೋಲು ಬಲಗೈಯಲ್ಲಿ. ಹೆಚ್ಚಿನವರು ಇದನ್ನೇ ಉಲ್ಟಾ ಹಿಡಿಯುತ್ತಾರೆ.

ಮಾತ್ರೆಗೆ ನಾನು ರಿವ್ಯೂ ಬರೆಯುವುದು ಸರಿಯಲ್ಲ. ಆದರೆ ಮೂಳೆಗೆ ಅಂತ ವಾರಕ್ಕೊಂದು ನುಂಗುವ ಆ ಅಲೆಂಡ್ರೊನೇಟ್ ಮಾತ್ರೆ ಬಗ್ಗೆ ಮನೆಯವರಿಗೆ ತಿಳಿದಿರಲಿ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ದೊಡ್ಡ ಲೋಟ ಬರೀ ನೀರಿನ ಜೊತೆ ನುಂಗಬೇಕು, ಅರ್ಧ ಗಂಟೆ ಮಲಗುವ ಹಾಗಿಲ್ಲ, ಏನೂ ತಿನ್ನುವ ಹಾಗಿಲ್ಲ, ಕಾಫಿಯೂ ಇಲ್ಲ. ಇಲ್ಲದಿದ್ದರೆ ಅನ್ನನಾಳ ಸುಡುತ್ತದೆ, ಔಷಧಿಯೂ ಮೈಗೆ ಹತ್ತುವುದಿಲ್ಲ. ಅಮ್ಮನಿಗೆ ಮೂಳೆ ಮುರಿದದ್ದಕ್ಕಿಂತ ಭಾನುವಾರದ ಆ ಅರ್ಧ ಗಂಟೆಯ ಮೇಲೇ ಸಿಟ್ಟು ಜಾಸ್ತಿ. 60,000 ಯೂನಿಟ್‌ನ ವಿಟಮಿನ್ ಡಿ ಸಾಮಾನ್ಯವಾಗಿ ವಾರಕ್ಕೊಂದೇ ಬರೆಯುತ್ತಾರೆ, ದಿನಾ ಕೊಟ್ಟುಬಿಡಬೇಡಿ. ಬಿಪಿ ಮಾತ್ರೆ, ನಿದ್ದೆ ಮಾತ್ರೆ ತಗೊಳ್ಳುವವರು ರಾತ್ರಿ ದಡಕ್ಕನೆ ಏಳದೆ ಮಂಚದ ಅಂಚಿಗೆ ಸ್ವಲ್ಪ ಹೊತ್ತು ಕೂತು ಏಳಲಿ. 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ನಮ್ಮ ಮನೆಯಲ್ಲಿ ಬೆಳಗಿನ ಗಂಜಿ ಈಗ ರಾಗಿಯದು.

ಅಂಗಳಕ್ಕೆ ಮಾತ್ರ ಅಂಗಡಿ ಸಾಮಾನು ಯಾವುದೂ ಆಗಿಬರಲಿಲ್ಲ. ಬ್ಲೀಚಿಂಗ್ ಪೌಡರ್ ಹಾಕಿ ಪಾಚಿ ತಿಕ್ಕಿಸುವುದು, ಓಡಾಡುವ ಜಾಗಕ್ಕೆ ಅಡಿಕೆ ಮರ ಸೀಳಿದ ದಬ್ಬೆ ಹಾಸುವುದು, ಇಷ್ಟೇ. ಆದರೂ ತುಳಸಿಕಟ್ಟೆ ಹತ್ತಿರದ ಎರಡು ಮೆಟ್ಟಿಲು ಬಾಕಿ ಉಳಿದಿದೆ. ಅಮ್ಮ ಎಷ್ಟು ಹೇಳಿದರೂ ದಿನಾ ಅಲ್ಲಿಗೆ ಇಳಿಯುತ್ತಾಳೆ, ಬೇಡ ಅನ್ನಲು ನನಗೂ ಮನಸ್ಸಿಲ್ಲ. ಅಲ್ಲಿಗೆ ಇನ್ನೊಂದು ಹಿಡಿ ಬೇಕು. ಗೀರು ಇರುವ 304, 24 ಇಂಚಿನದು ತೀರ್ಥಹಳ್ಳಿ, ಶಿವಮೊಗ್ಗ ಕಡೆ ಯಾರಿಗಾದರೂ ಸಿಕ್ಕಿದ್ದರೆ ತಿಳಿಸಿ. ಸ್ಕ್ರೂ ನನ್ನ ಹತ್ತಿರ ಇದೆ.