ಕಾರವಾರದ ಟೈಡ್ ಟೇಬಲ್, ಹೊನ್ನಾವರದ ದೋಣಿ: ಐದು ವರ್ಷದ ಬಳಕೆಯ ನಂತರ

ನನ್ನದು 18 ಅಡಿಯ ಫೈಬರ್ ದೋಣಿ. ಹಿಂದೆ ಸಣ್ಣದೊಂದು ಔಟ್‌ಬೋರ್ಡ್ ಎಂಜಿನ್. ಹೊನ್ನಾವರದಲ್ಲಿ ಶರಾವತಿ ಕಡಲು ಸೇರುವ ಅಳಿವೆಯಿಂದ ಸ್ವಲ್ಪ ಒಳಗೆ, ಹೊಳೆ ದಂಡೆ ಮೇಲೆ ಎಳೆದಿಡುತ್ತೇನೆ. ದಂಡೆಯ ಕೆಳಗೆ ಬರೀ ಕೆಸರು. ನೀರು ಬಂದಿದ್ದರೆ ಇಬ್ಬರು ತಳ್ಳಿದರೂ ಸಾಕು, ದೋಣಿ ಇಳಿಯುತ್ತದೆ. ನೀರಿಲ್ಲದಿದ್ದರೆ ಆರು ಜನ ಬಂದರೂ ಅಲುಗಾಡುವುದಿಲ್ಲ. ಹಾಗಾಗಿ ಐದು ವರ್ಷದಿಂದ ಸರ್ವೆ ಆಫ್ ಇಂಡಿಯಾ ಪ್ರತಿ ವರ್ಷ ಹೊರತರುವ ಇಂಡಿಯನ್ ಟೈಡ್ ಟೇಬಲ್ಸ್ ಎಂಬ ಉಬ್ಬರ ಇಳಿತದ ಪುಸ್ತಕ ಬಳಸುತ್ತಿದ್ದೇನೆ. ನಾನು ನೋಡುವುದು ಅದರ ಕಾರವಾರದ ಪುಟಗಳನ್ನು.

ಪುಟ ಸರಳವಾಗಿದೆ. ಪ್ರತಿ ದಿನಕ್ಕೂ ಉಬ್ಬರ ಮತ್ತು ಇಳಿತದ ಹೊತ್ತು, ಪಕ್ಕದಲ್ಲಿ ಎತ್ತರ ಮೀಟರಿನಲ್ಲಿ. ಮೊದಲ ವರ್ಷ ನಾನು ಹೊತ್ತು ಮಾತ್ರ ನೋಡುತ್ತಿದ್ದೆ. ಅದೇ ತಪ್ಪಾಗಿದ್ದು. ನಮ್ಮ ಕಡಲಿನಲ್ಲಿ ದಿನಕ್ಕೆ ಎರಡು ಉಬ್ಬರ ಬರುತ್ತವೆ, ಆದರೆ ಎರಡೂ ಒಂದೇ ಎತ್ತರ ಇರುವುದಿಲ್ಲ. ಒಂದು 1.7 ಮೀಟರ್ ಇದ್ದರೆ ಇನ್ನೊಂದು 1.4 ಇರಬಹುದು. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ನೀರು ಹತ್ತು ಮೀಟರಿನಷ್ಟು ಏರಿ ಇಳಿಯುತ್ತದೆ, ಅಲ್ಲಿ 30 ಸೆಂಟಿಮೀಟರ್ ದೊಡ್ಡ ವಿಷಯ ಅಲ್ಲ. ನಮ್ಮಲ್ಲಿ ಒಟ್ಟು ಏರಿಳಿತವೇ ಎರಡು ಮೀಟರಿನೊಳಗೆ. ಅದರಲ್ಲಿ 30 ಸೆಂಟಿಮೀಟರ್ ಅಂದರೆ ದೋಣಿ ತೇಲುವುದಕ್ಕೂ ಕೆಸರಿನಲ್ಲಿ ಕೂರುವುದಕ್ಕೂ ಇರುವ ವ್ಯತ್ಯಾಸ.

ನಮ್ಮ ಕೇರಿಯ ಹಿರಿಯ ಮೀನುಗಾರರೊಬ್ಬರು ಆಗ ಹೇಳಿದ ಮಾತು: "ತಮಾ, ಮೊದ್ಲು ಒಂದು ಗೂಟ ನೆಡು. ಆಮೇಲೆ ಪುಸ್ತಕ ನೋಡು." ನೆಟ್ಟೆ. ಗೂಟಕ್ಕೆ ಗೇಣಿಗೊಂದು ಬಿಳಿ ಪಟ್ಟಿ ಬಳಿದೆ. ಎರಡು ತಿಂಗಳು ಪುಸ್ತಕದ ಅಂಕಿ, ಗೂಟದ ಪಟ್ಟಿ, ಗಡಿಯಾರದ ಹೊತ್ತು ಮೂರನ್ನೂ ಬರೆದಿಟ್ಟೆ. ಆಗ ಎರಡು ವಿಷಯ ಗೊತ್ತಾಯಿತು. ಕಾರವಾರದ ಉಬ್ಬರ ನನ್ನ ದಂಡೆಗೆ ಸುಮಾರು ಮುಕ್ಕಾಲು ಗಂಟೆ ತಡವಾಗಿ ಬರುತ್ತದೆ. ಪುಸ್ತಕದಲ್ಲಿ 1.6 ಇದ್ದರೆ ಮಾತ್ರ ನನ್ನ ದೋಣಿ ತೇಲುತ್ತದೆ. ಈ ಎರಡು ಅಂಕಿ ನನ್ನ ದಂಡೆಯವು. ನಿಮ್ಮದು ಬೇರೆಯೇ ಇರುತ್ತದೆ, ನೀವೇ ಅಳೆದುಕೊಳ್ಳಬೇಕು.

ಮಧ್ಯದ ಹೊತ್ತಿನ ನೀರಿಗೆ ಹನ್ನೆರಡರ ಲೆಕ್ಕ ಹಾಕುತ್ತೇನೆ. ಇಳಿತದಿಂದ ಉಬ್ಬರಕ್ಕೆ ಹೆಚ್ಚುಕಡಿಮೆ ಆರು ಗಂಟೆ. ಒಟ್ಟು ಏರುವ ನೀರನ್ನು ಹನ್ನೆರಡು ಪಾಲು ಮಾಡಿ. ಮೊದಲ ಗಂಟೆ ಒಂದು ಪಾಲು ಏರುತ್ತದೆ, ಆಮೇಲೆ ಎರಡು, ಮೂರು, ಮತ್ತೆ ಮೂರು, ಎರಡು, ಒಂದು. ಉದಾಹರಣೆಗೆ ಬೆಳಿಗ್ಗೆ 6ಕ್ಕೆ ಇಳಿತ 0.3, ಮಧ್ಯಾಹ್ನ 12ಕ್ಕೆ ಉಬ್ಬರ 2.0 ಅಂದುಕೊಳ್ಳಿ. ನಾಲ್ಕು ಗಂಟೆಯಲ್ಲಿ ಒಂಬತ್ತು ಪಾಲು ಏರಿ ನೀರು 1.6ರ ಹತ್ತಿರ ಬಂದಿರುತ್ತದೆ. ಅಂದರೆ ಕಾರವಾರದ 10 ಗಂಟೆ, ನನ್ನ ದಂಡೆಯ 10.45. ಆಗ ಇಳಿಸುತ್ತೇನೆ. ಮಧ್ಯಾಹ್ನ 2.45ರೊಳಗೆ ವಾಪಸ್ ಬರಬೇಕು, ಇಲ್ಲದಿದ್ದರೆ ರಾತ್ರಿಯ ಉಬ್ಬರಕ್ಕೆ ಕಾಯಬೇಕು. ಯಾವಾಗಲೂ ಏರುವ ನೀರಿನಲ್ಲೇ ಇಳಿಸಿ. ಏರುವಾಗ ಸಿಕ್ಕಿಕೊಂಡರೆ ಸ್ವಲ್ಪ ಹೊತ್ತಿಗೆ ನೀರೇ ಎತ್ತುತ್ತದೆ. ಇಳಿಯುವಾಗ ಸಿಕ್ಕಿಕೊಂಡರೆ ಅರ್ಧ ದಿನ ಅಲ್ಲೇ.

ಬೆಳಗಿನ ಜಾವ ಹೋಗುವವರಿಗೆ ಇನ್ನೊಂದು ಮಾತು. ನಮ್ಮ ಕಡೆ ಅಮಾವಾಸ್ಯೆ, ಹುಣ್ಣಿಮೆ ಹೊತ್ತಿನ ದೊಡ್ಡ ಉಬ್ಬರ ಬರುವುದು ಮಧ್ಯಾಹ್ನ ಮತ್ತು ಮಧ್ಯರಾತ್ರಿಯ ಆಸುಪಾಸಿನಲ್ಲಿ. ದಿನಕ್ಕೆ ಸುಮಾರು 50 ನಿಮಿಷದಂತೆ ಮುಂದಕ್ಕೆ ಹೋಗುತ್ತಾ ಅಷ್ಟಮಿ ಹೊತ್ತಿಗೆ ಉಬ್ಬರ ಬೆಳಗಿನ ಜಾವಕ್ಕೆ ಬರುತ್ತದೆ. ಆದರೆ ಅಷ್ಟಮಿಯ ನೀರು ಸಪ್ಪೆ, ಜಾಸ್ತಿ ಏರುವುದಿಲ್ಲ. ಹೊತ್ತು ಚೆನ್ನಾಗಿದ್ದಾಗ ನೀರು ಸಾಲುವುದಿಲ್ಲ, ನೀರು ಚೆನ್ನಾಗಿದ್ದಾಗ ಹೊತ್ತು ಕೂಡಿ ಬರುವುದಿಲ್ಲ. ಪುಸ್ತಕ ಕೈಯಲ್ಲಿದ್ದರೆ ಇವೆರಡೂ ಕೂಡುವ ನಾಲ್ಕೈದು ದಿನಗಳನ್ನು ತಿಂಗಳ ಮೊದಲೇ ಗುರುತು ಹಾಕಿಕೊಳ್ಳಬಹುದು. ನನಗೆ ಇದರಿಂದ ಆದ ದೊಡ್ಡ ಲಾಭ ಇದೇ.

ನಡುವೆ ಒಂದು ಫೋನ್ ಆ್ಯಪ್ ಕೂಡ ಬಳಸಿದೆ. ನೋಡಲು ಚೆಂದ, ಗೆರೆ ಏರಿ ಇಳಿಯುವುದು ಕಣ್ಣಿಗೆ ಕಾಣುತ್ತದೆ. ಆದರೆ ಒಂದು ದಿನ ಪುಸ್ತಕದಲ್ಲಿ 1.8 ಇದ್ದ ಉಬ್ಬರ ಆ್ಯಪಿನಲ್ಲಿ 0.6 ಇತ್ತು! ನೀರಿಲ್ಲ ಅಂದುಕೊಂಡು ಹೋಗದೆ ಉಳಿದೆ. ಗೂಟ ನೋಡಿದರೆ ನೀರು ತುಂಬಿ ನಿಂತಿತ್ತು. ಪುಸ್ತಕ ಅಳೆಯುವುದು ನಕ್ಷೆಯ ತಳಮಟ್ಟದಿಂದ, ಅಂದರೆ ನೀರು ಸಾಮಾನ್ಯವಾಗಿ ಅದಕ್ಕಿಂತ ಕೆಳಗೆ ಇಳಿಯದ ಮಟ್ಟದಿಂದ. ಆ ಆ್ಯಪ್ ಅಳೆಯುತ್ತಿದ್ದದ್ದು ಸಮುದ್ರದ ಸರಾಸರಿ ಮಟ್ಟದಿಂದ. ಎರಡೂ ಸರಿಯೇ, ಆದರೆ ಅದನ್ನು ಪರದೆ ಮೇಲೆ ಹೇಳಬೇಕಿತ್ತು, ಅಲ್ವಾ? ಇಳಿತದ ಅಂಕಿ ದಿನವೂ ಮೈನಸ್ ತೋರಿಸುತ್ತಿದ್ದರೆ ನಿಮ್ಮ ಆ್ಯಪ್ ಕೂಡ ಇದೇ ತರಹದ್ದು ಅಂತ ತಿಳಿಯಿರಿ.

ಪುಸ್ತಕ ಚಂದ್ರ, ಸೂರ್ಯರ ಸೆಳೆತದ ಲೆಕ್ಕವನ್ನಷ್ಟೇ ಹೇಳುತ್ತದೆ. ಗಾಳಿಯನ್ನು ಹೇಳುವುದಿಲ್ಲ. ವಾಯುಭಾರ ಒಂದು ಮಿಲಿಬಾರ್ ಇಳಿದರೆ ನೀರು ಸುಮಾರು ಒಂದು ಸೆಂಟಿಮೀಟರ್ ಏರುತ್ತದೆ, ಅದೂ ಅದರಲ್ಲಿಲ್ಲ. ಮೇಲೆ ಗೇರುಸೊಪ್ಪೆ ಅಣೆಕಟ್ಟಿನಿಂದ ನೀರು ಬಿಟ್ಟರೆ ಹೊಳೆಯ ಓಟವೇ ಬದಲಾಗುತ್ತದೆ. ಮಳೆಗಾಲದಲ್ಲಂತೂ ನಾನು ಪುಸ್ತಕವನ್ನು ನಂಬಿ ಇಳಿಯುವುದಿಲ್ಲ. ಅಳಿವೆ ದಾಟುವಾಗ ಇನ್ನೂ ಎಚ್ಚರ ಬೇಕು. ಇಳಿತದ ನೀರು ಹೊರಗೆ ಓಡುವಾಗ ಎದುರಿನಿಂದ ಕಡಲಿನ ಅಲೆ ಬಂದರೆ, ಅಲೆ ಕಡಿದಾಗಿ ನಿಂತು ಮರಳ ದಿಬ್ಬದ ಮೇಲೆ ಒಡೆಯುತ್ತದೆ. ನೀರಿನ ಎತ್ತರ ಎಷ್ಟೇ ಚೆನ್ನಾಗಿರಲಿ, ಆ ಹೊತ್ತಿನಲ್ಲಿ ಸಣ್ಣ ದೋಣಿ ಅಲ್ಲಿ ಇರಬಾರದು. ಹೊರಡುವ ಮುಂಚೆ ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯ್ಸ್ ಕೊಡುವ ಅಲೆಯ ಮುನ್ಸೂಚನೆಯನ್ನೂ ನೋಡಿ.

ನನ್ನ ಅಂಕ ಐದಕ್ಕೆ ನಾಲ್ಕೂವರೆ. ಅಕ್ಷರ ತೀರಾ ಸಣ್ಣದು, ದೋಣಿಯಲ್ಲಿ ಓದಲು ಆಗುವುದಿಲ್ಲ. ಅದಕ್ಕೆ ನನ್ನ ತಿಂಗಳಿನ ಅಂಕಿಗಳನ್ನು ಮುಕ್ಕಾಲು ಗಂಟೆ ಕೂಡಿಸಿ ದೊಡ್ಡದಾಗಿ ಬರೆದು, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಎಂಜಿನ್ ಪಕ್ಕ ಕಟ್ಟಿರುತ್ತೇನೆ. ಮಳೆಗಾಲ ಕಳೆದ ಮೇಲೆ ಹೂಳು ಜಾಗ ಬದಲಿಸಿರುತ್ತದೆ. ಹಾಗಾಗಿ ಪ್ರತಿ ವರ್ಷ ಅಕ್ಟೋಬರಿನಲ್ಲಿ ಗೂಟದ ಹತ್ತಿರ ಒಂದು ವಾರ ನಿಂತು 1.6ನ್ನು ಮತ್ತೆ ಅಳೆಯುತ್ತೇನೆ. ಕಳೆದ ಸಲ ಅದು 1.7 ಆಗಿತ್ತು.